ಲಕ್ಕಪ್ಪನ ಮೊಣಕಾಲಿನ ಬಾವು

ಯರಗುಪ್ಪಿಯ ಲಕ್ಕಪ್ಪನಿಗೆ ಸಿಟ್ಟು ನೆತ್ತಿಗೇರಿತ್ತು. ತನ್ನ ಬಲ ಮೊಣಕಾಲು ಬಾತಿದೆ ಎಂದು ಊರೆಲ್ಲ ಸಾರಿದರೂ ಒಬ್ಬರೂ ನಂಬಿರಲಿಲ್ಲ. ಹೆಸರುಕಾಳಿನ ಹೊಲದಲ್ಲಿ ಕಳೆ ತೆಗೆಯುವ ವಾರವೇ ಅದು ಬಾತರೆ ಅವನ ತಪ್ಪೇ? (ಹೋದ ವರ್ಷವೂ ಅದೇ ವಾರ ಬಾತಿತ್ತು. ಶಿಸ್ತಿನ ಮೊಣಕಾಲು.) ಹೆಂಡತಿ ದುಂಡವ್ವ ಮಾತ್ರ ತುಟಿ ಬಿಚ್ಚದೆ ದಿನಾ ಹೊಲಕ್ಕೆ ಹೋಗುತ್ತಿದ್ದಳು. ಅವಳು ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಈ ಮೌನಕ್ಕೆ ಏನು ಮಾಡುವುದು?

ಡಾಕ್ಟರ ಬಾಯಿಂದಲೇ ಹೇಳಿಸಿ, ಹೊಲದ ಕೆಲಸದಿಂದ ಬಿಡುಗಡೆ ಪಡೆದೇ ತೀರುತ್ತೇನೆಂದು, ಸಾಕ್ಷಿಗೆ ಅವಳನ್ನೂ ಕರೆದುಕೊಂಡು ಕುಂದಗೋಳದ ಬಸ್ಸು ಹತ್ತಿದ.

ಡಾಕ್ಟರ್ ತಬಸುಮ್ ಅವನನ್ನು ಕಾಲು ಚಾಚಿ ಮಲಗಿಸಿದರು. ಒಂದು ಕೈಯಿಂದ ತೊಡೆಯನ್ನು ಮೊಣಕಾಲಿನ ಕಡೆಗೆ ಒತ್ತಿ ಹಿಡಿದು, ಇನ್ನೊಂದು ಕೈಯ ಬೆರಳಿಂದ ಚಿಪ್ಪನ್ನು ಅದುಮಿದರು. ಒಳಗೆ ನೀರು ತುಂಬಿದ್ದರೆ ಚಿಪ್ಪು ತೇಲುತ್ತಿದ್ದು, ಅದುಮಿದಾಗ ಕೆಳಗಿನ ಎಲುಬಿಗೆ ಟಕ್ಕೆಂದು ಬಡಿಯುತ್ತದಂತೆ. ಬಡಿಯಲಿಲ್ಲ. ಎಡಗಾಲಿನದೂ ಬಡಿಯಲಿಲ್ಲ.

"ಎರಡೂ ಒಂದ ನಮೂನಿ ಅದಾವ, ಕಾಕಾ. ಬಾವು ಇಲ್ರಿ."

ಲಕ್ಕಪ್ಪ ಧಡಕ್ಕನೆ ಎದ್ದು ಕುಳಿತ. "ಎರಡೂ ಬಾತಿದ್ರ ಒಂದ ನಮೂನಿನ ಕಾಣತಾವಲ್ರಿ. ಇಕಿ ಕಾಲಿನ ಕೂಡ ಹೋಲಿಸಿ ನೋಡ್ರಿ. ದಿನಾ ಹೊಲದಾಗ ಕುಕ್ಕರಗಾಲಿಲೆ ಕುಂದರತಾಳ, ಅಗದಿ ಗಟ್ಟಿ ಕಾಲು."

ದುಂಡವ್ವ ಬೇಡವೇ ಬೇಡ ಎಂದಳು. ನ್ಯಾಯದ ಮುಂದೆ ನಾಚಿಕೆಯೇನು ಎಂದು ಲಕ್ಕಪ್ಪ ಗದರಿಸಿ ಮಲಗಿಸಿದ.

ಡಾಕ್ಟರು ಅದುಮಿದರು. ಟಕ್. ಮತ್ತೊಮ್ಮೆ ಅದುಮಿದರು. ಲಕ್ಕಪ್ಪನ ಕಣ್ಣೆದುರೇ ಚಿಪ್ಪು ಮುಳುಗಿ ಎದ್ದಿತು. ಸೀರೆಯ ಮರೆಯಲ್ಲಿ ಆ ಮೊಣಕಾಲು ಸಣ್ಣ ಕುಂಬಳಕಾಯಿಯಷ್ಟಾಗಿತ್ತು. ಔಷಧ ಬರೆದುಕೊಟ್ಟ ಡಾಕ್ಟರು, ಬಾವು ಇಳಿಯುವ ತನಕ ಈಕೆ ನೆಲಕ್ಕೆ ಕೂರಲೇಬಾರದು, ಕಳೆಯೂ ಇಲ್ಲ, ಒಲೆಯ ಮುಂದೆ ರೊಟ್ಟಿಯೂ ಇಲ್ಲ ಎಂದು ತಾಕೀತು ಮಾಡಿದರು.

ಬಸ್ ನಿಲ್ದಾಣದ ತನಕ ಲಕ್ಕಪ್ಪ ಬುಸುಗುಟ್ಟಿದ. ಕಟ್ಟಿಕೊಂಡ ಗಂಡನಿಂದಲೇ ಮುಚ್ಚಿಡುವುದೆಂದರೇನು? "ನೀ ಯಾಕ ಒಂದ ಮಾತು ಹೇಳಲಿಲ್ಲ?"

"ನೀವು ನರಳಾಕತ್ತಿದ್ರಲ್ರಿ," ಎಂದಳು ದುಂಡವ್ವ. "ಇಬ್ಬರೂ ನರಳಿದ್ರ ರೊಟ್ಟಿ ಯಾರು ಬಡೀಬೇಕು?"

ಅವನಿಗೆ ಸಿಟ್ಟೇನೋ ಇತ್ತು, ಯಾರ ಮೇಲೆ ಎಂದು ತಿಳಿಯಲಿಲ್ಲ. ಕೈ ಹಿಡಿದು ಅವಳನ್ನು ಬಸ್ಸು ಹತ್ತಿಸಿದ.

ಮರುದಿನ ರೊಟ್ಟಿ ಬಡಿದು (ಅವಕ್ಕೆ ರೊಟ್ಟಿ ಎನ್ನಲು ಧೈರ್ಯ ಬೇಕು) ಹೊಲಕ್ಕೆ ಬಂದು, ಹೆಸರಿನ ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂತ. ಬಾಜು ಹೊಲದ ಸಂಗನಬಸವ ಬದುವಿನ ಮೇಲೆ ನಿಂತು, ಡಾಕ್ಟರು ಏನೆಂದರು ಎಂದು ಕೇಳಿದ.

"ಬಾವು ಐತಿ ಅಂದ್ರಪ್ಪ," ಎಂದ ಲಕ್ಕಪ್ಪ. ಯಾರ ಕಾಲಿಗೆ ಎಂದು ಹೇಳಲಿಲ್ಲ.

ಸಂಗನಬಸವ ಹಸನಾದ ಸಾಲುಗಳನ್ನು ನೋಡಿ ತಲೆದೂಗಿದ. "ಬಾತ ಕಾಲಿಲೆ ಇಷ್ಟು ಚಲೋ ಕಳೆ ತೆಗಿತೀರಿ. ಆರಾಮಾದ ಮ್ಯಾಲೆ ನಮ್ಮ ಹೊಲಕ್ಕೂ ಬರ್ರಿ, ಕಾಕಾ."