ಲಗ್ನಕ್ಕ ಮೊದಲ ರಕ್ತ ತೋರಸ್ರಿ

ಗದಗಿನ ಜೀನ್ ತಪಾಸಣಿ ಕೇಂದ್ರದಾಗ ನಾನು ನರ್ಸ್. ಹುಟ್ಟಿನಿಂದ ಬರೋ ರೋಗಾನ ರಕ್ತದಾಗ ಮೊದಲ ಹುಡುಕೂದು ನಮ್ಮ ಕೆಲಸ. ಭಾಳ ಗಂಭೀರ ಕೆಲಸ ಖರೆ, ಆದ್ರ ಬರೋ ಮಂದಿ ಗಂಭೀರ ಇರಾಕ ಬಿಡಬೇಕಲ್ಲ!

ಒಬ್ಬಾಕಿದ ಸಾಕು

ಮುಂಡರಗಿಯಿಂದ ಒಬ್ಬ ಅಜ್ಜಿ ಮೊಮ್ಮಗಳನ್ನ ಕರಕೊಂಡು ಬಂದಳು. ಈ ಹುಡುಗೀನ್ನ ತನ್ನ ಸಣ್ಣ ಮಗಗ, ಅಂದ್ರ ಹುಡುಗಿಯ ಸೋದರಮಾವಗ, ತಂದ್ಕೊಳ್ಳೂದಂತ ಮಾತಾಗಿತ್ತು. ಹುಡುಗಿಯ ಅಕ್ಕನ್ನೂ ಬಳಗದಾಗ ಕೊಟ್ಟಿದ್ರು. ಆಕಿ ಕೂಸಿಗೆ ಥಲಸ್ಸೇಮಿಯಾ, ತಿಂಗಳಾ ರಕ್ತ ಏರಿಸಬೇಕು. ಅದಕ್ಕ ಡಾಕ್ಟರು, "ಗಂಡು-ಹೆಣ್ಣು ಇಬ್ಬರ ಜೀನಿನ್ಯಾಗೂ ದೋಷ ಇದ್ರ ಹುಟ್ಟೋ ಕೂಸಿಗೆ ರೋಗ ಬರಬಹುದು. ಇಬ್ಬರ ರಕ್ತಾನೂ ನೋಡೂಣು" ಅಂದಿದ್ರು.

ಅಜ್ಜಿ ತನ್ನ ತೋಳು ಮುಂದ ಚಾಚಿದಳು. "ಅಂವ ನನ್ನ ಮಗ, ಇಕಿ ನನ್ನ ಮಗಳ ಮಗಳು. ಎಲ್ಲಾ ನಂದ ರಕ್ತ. ನನ್ನೊಬ್ಬಾಕಿದ ತಗೋರಿ, ಮುಗೀತು."

"ಹಂಗಾರ ಮೂವರ ಊಟಾನೂ ನೀವ ಒಬ್ಬರ ಉಣ್ರಿ ಯಮ್ಮಾ" ಅಂದೆ.

"ಅದ್ಹೆಂಗ ಆಗತೈತವ್ವಾ? ಹೊಟ್ಟಿ ಬ್ಯಾರೆ ಬ್ಯಾರೆ ಅದಾವಲ್ಲ!"

ದೋಸ್ತಗ ವಹಿಸಿದ ಕೆಲಸ

ಮರುದಿನ ಸೋದರಮಾವ ಬರಬೇಕಿತ್ತು. ಬಂದಾಂವನ ಮಾರಿಗೂ ಆಧಾರ್ ಕಾರ್ಡಿನ ಫೋಟೋಕ್ಕೂ ಹೊಂದಲಿಲ್ಲ.

"ಯಾರಪಾ ನೀ?"

"ಅವನ ದೋಸ್ತರಿ. ಅಂವ ಸಿಂಗಟಾಲೂರಿಗೆ ಪಂಪ್ ರಿಪೇರಿಗೆ ಹೋಗ್ಯಾನ. ಅವನ ಕರೆಂಟ್ ಬಿಲ್ಲೂ ನಾನ ತುಂಬ್ತೀನಿ, ಸಂತಿನೂ ನಾನ ಮಾಡ್ತೀನಿ. ಇದೂ ಹಂಗ ಅಂತ ಬಂದೆ." ಅಂಗಿ ತೋಳು ಏರಿಸಿ ಕುಂತಬಿಟ್ಟ.

"ಆತು, ಕೊಡು. ಆದ್ರ ನಿನ್ನ ರಕ್ತ ಪಾಸಾದ್ರ ಲಗ್ನಾನೂ ನೀನ ಆಗಬೇಕಾಗತೈತಿ."

ತೋಳು ಕೆಳಗಿಳೀತು. "ಒಂದೀಟು ನಿಂದರ್ರಿ ಸಿಸ್ಟರ್, ನನ್ನ ಹೇಣ್ತೀನ್ನ ಕೇಳಿ ಬರ್ತೀನಿ!"

ಸಂಜೀಕ ಖರೇ ಮಾವನ್ನ ಬೈಕಿನ ಮ್ಯಾಲೆ ಹೇರಿಕೊಂಡು ಬಂದ.

ಉಳದ ದೋಷ

ರಿಪೋರ್ಟ್ ಬಂತು. ಹುಡುಗಿ, ಮಾವ ಇಬ್ಬರೊಳಗೂ ಅದ ದೋಷ. ಇಬ್ಬರೂ ಗಟ್ಟಿಮುಟ್ಟ, ಆದ್ರ ಲಗ್ನ ಆದ್ರ ಕೂಸಿಗೆ ಅಪಾಯ. ಡಾಕ್ಟರು ಎಲ್ಲಾ ಬಿಡಿಸಿ ಹೇಳಿದ್ರು. ಹುಡುಗೀನ ಮೊದಲ ಅಂದಳು, "ಅಕ್ಕನ ಕೂಸಿನ ಸಂಕಟ ನೋಡೇನಿ ಅಜ್ಜಿ. ನನಗ ಈ ಲಗ್ನ ಬ್ಯಾಡ."

ಅಜ್ಜಿ ಸೆರಗಿಲೆ ಕಣ್ಣೊರಸಿಕೊಂಡು, "ಆತು ಬಿಡು, ಮಾವ ಮಾವ ಆಗೇ ಇರ್ಲಿ" ಅಂದಳು. ದೋಷ ಇಲ್ಲದ ಬ್ಯಾರೆ ಹುಡುಗಿ ಸಿಕ್ರ ಮಗನ ಮಕ್ಕಳಿಗೆ ಈ ರೋಗದ ಹೆದರಿಕಿ ಇಲ್ಲಂತ ಡಾಕ್ಟರು ಧೈರ್ಯ ಹೇಳಿದ್ರು.

ಅಜ್ಜಿ ಶಿರಹಟ್ಟಿಗೆ ಹೆಣ್ಣು ನೋಡಾಕ ಹೋದಳು. ಉಪ್ಪಿಟ್ಟು ಮುಟ್ಟೂಕಿಂತ ಮೊದಲ ಮಗನ ರಿಪೋರ್ಟ್ ಮುಂದಿಟ್ಟಳಂತ. "ನಮ್ಮ ಹುಡುಗನ ರಕ್ತದಾಗ ಹಿಂಗೊಂದು ದೋಷ ಐತಿ. ನಿಮ್ಮ ಹುಡುಗೀದೂ ತೋರಸ್ರಿ." ಆ ಹುಡುಗಿ ತಾನ ಗದಗಿಗೆ ಬಂದು ರಕ್ತ ಕೊಟ್ಟಳು. ಏನೂ ದೋಷ ಇರಲಿಲ್ಲ. ನನಗ ಕುಣೀಬೇಕನಿಸ್ತು.

ರಿಪೋರ್ಟ್ ಕೇಳಾಕ ಎರಡೂ ಮನಿಯವ್ರು ಬಂದಿದ್ರು. ಆದ್ರ ಹುಡುಗಿ ಅಪ್ಪ ತಲಿ ಅಲ್ಲಾಡಿಸ್ಕೋತ ಕುಂತಿದ್ದ. "ಇನ್ನೇನ ಸಂಶಯ ಯಜಮಾನ್ರ?" ಅಂದೆ.

"ಅಲ್ರಿ ಸಿಸ್ಟರ್, ಹೆಣ್ಣು ನೋಡಾಕ ಬಂದಾವ್ರು ಹುಡುಗನ ದೋಷ ತಾವಾಗೇ ಹೇಳಿದ್ದು ನಾ ಎಲ್ಲೂ ಕೇಳಿಲ್ಲ. ಒಂದ ಒಪ್ಪಿಕೊಂಡಾರಂದ್ರ ಮುಚ್ಚಿಟ್ಟದ್ದು ಎಷ್ಟೈತೋ!"

ಅಜ್ಜಿಗೆ ಸಿಟ್ಟು ನೆತ್ತಿಗೇರಿತು. ಮಗನ ರಟ್ಟಿ ಹಿಡಿದು ನನ್ನ ಮುಂದ ಕುಂಡ್ರಿಸಿದಳು. "ಸಿಸ್ಟರ್, ಇನ್ನೊಂದೀಟು ರಕ್ತ ತಗೋರಿ. ಕುಡಿಯೂದು, ಇಸ್ಪೀಟು, ಸೋಮಾರಿತನ, ಏನೇನೈತಿ ಎಲ್ಲಾ ತೆಗದು ಇವರ ಕೈಯಾಗ ಕೊಡ್ರಿ!"

ಮಗ ಹೌಹಾರಿ ಕೈ ಹಿಂದಕ್ಕ ಎಳಕೊಂಡ. "ಸೂಜಿ ಬ್ಯಾಡ ಬೇ ಯವ್ವಾ! ಎಲ್ಲಾ ಬಾಯಿಲೇ ಹೇಳಿಬಿಡ್ತೀನಿ!"

ಹುಡುಗಿ ಪಕ್ಕನ ನಕ್ಕಳು. "ಅಪ್ಪಾ, ಹೂಂ ಅಂದುಬಿಡ್ರಿ. ಉಳದದ್ದನ್ನ ಲಗ್ನ ಆದಮ್ಯಾಲೆ ನಾನ ಹುಡುಕ್ತೀನಿ."