ಲಕ್ಷ್ಮೀದೇವಮ್ಮನ ಹತ್ತು ಬೆರಳು

"ಏಜೆಂಟಾ? ಈ ಕಾಂತೇಶ ಇರುವಾಗ ನಮ್ಮನೆ ವೀಸಾಗೆ ಏಜೆಂಟಾ?"

ಹೀಗೆ ಘರ್ಜಿಸಿದಾಗ ಕಾಂತೇಶನ ಕೈಯಲ್ಲಿ ಕಾಫಿ ಲೋಟವಿತ್ತು, ಎದುರಿಗೆ ಹೆಂಡತಿ ಪವಿತ್ರ ಇದ್ದಳು. ಘರ್ಜನೆಯ ರಭಸಕ್ಕೆ ಅರ್ಧ ಕಾಫಿ ಅವಳ ಸೀರೆಯ ಪಾಲಾಯಿತು.

"ಮೊದಲು ಲೋಟ ನೆಟ್ಟಗೆ ಹಿಡೀರಿ. ವೀಸಾ ಆಮೇಲೆ," ಎಂದಳು ಪವಿತ್ರ.

ಕಾಂತೇಶ ಬರಿದೇ ಕೊಚ್ಚಿಕೊಳ್ಳುವವನಲ್ಲ. ಹೊನ್ನವಳ್ಳಿ ಬಸ್ ಸ್ಟ್ಯಾಂಡಿನ ಎದುರು ಅವನದೊಂದು ಜೆರಾಕ್ಸ್ ಅಂಗಡಿ. ಸುತ್ತಿನ ಹಳ್ಳಿಗಳ ಪಹಣಿ, ಪಿಂಚಣಿ, ಜಾತಿ ಪ್ರಮಾಣಪತ್ರಗಳೆಲ್ಲ ಅವನ ಕಂಪ್ಯೂಟರಿನ ಮೂಲಕವೇ ಸರ್ಕಾರ ಸೇರುತ್ತಿದ್ದವು. ಆಧಾರ್ ಕಾರ್ಡಿನಲ್ಲಿ ಹೆಂಗಸರಾಗಿ ಹೋಗಿದ್ದ ಮೂವರು ಗಂಡಸರನ್ನು ಒಂದೇ ವಾರದಲ್ಲಿ ಮತ್ತೆ ಗಂಡಸರನ್ನಾಗಿ ಮಾಡಿದ ಮಹಾಪುರುಷ ಅವನು! ಅಂಥವನಿಗೆ ಅಪ್ಪ ಅಮ್ಮನ ವೀಸಾ ಒಂದು ಲೆಕ್ಕವೇ?

ವಿಷಯ ಇಷ್ಟು. ಕಾಂತೇಶನ ತಂಗಿ ನಯನ ಸ್ಕಾಟ್‌ಲೆಂಡಿನ ಒಂದು ಆಸ್ಪತ್ರೆಯಲ್ಲಿ ನರ್ಸು. ಅದೇ ಆಸ್ಪತ್ರೆಯ ಆಂಬುಲೆನ್ಸ್ ಓಡಿಸುವ ಕ್ಯಾಲಮ್ ಎಂಬ ಹುಡುಗನನ್ನು ಮೆಚ್ಚಿದ್ದಳು. ಹುಡುಗನ ಅಜ್ಜಿಗೆ ತೊಂಬತ್ತೊಂದು ವರ್ಷ, ವಿಮಾನ ಹತ್ತುವ ಹಾಗಿಲ್ಲ. ಅಜ್ಜಿ ಇಲ್ಲದೆ ಮದುವೆಯಾಗಲಾರೆ ಎಂದು ಹುಡುಗ, ಅಪ್ಪ ಅಮ್ಮ ಇಲ್ಲದೆ ಆಗಲಾರೆ ಎಂದು ಹುಡುಗಿ. ಕೊನೆಗೆ ಮದುವೆ ಅಲ್ಲೇ, ಅಪ್ಪ ಲಿಂಗಣ್ಣ ಮತ್ತು ಅಮ್ಮ ಲಕ್ಷ್ಮೀದೇವಮ್ಮ ಹದಿನೈದು ದಿನದ ಮಟ್ಟಿಗೆ ಹೋಗಿಬರುವುದು ಎಂದಾಯಿತು. ತೋಟ, ಹಸು ನೋಡಿಕೊಳ್ಳಲು ಕಾಂತೇಶ ಉಳಿಯಬೇಕು. ಪವಿತ್ರ ತಿಪಟೂರಿನ ಹೈಸ್ಕೂಲಿನಲ್ಲಿ ಟೀಚರು. ಆಗ ಪರೀಕ್ಷೆ, ರಜೆ ಸಿಗುವುದಿಲ್ಲ.

ಅರ್ಜಿ ತುಂಬುವ ಕಾರ್ಯಕ್ರಮ ಮನೆಯ ನಡುಮನೆಯಲ್ಲೇ ನಡೆಯಿತು. ಕಾಂತೇಶ ಕನ್ನಡಕ ಏರಿಸಿಕೊಂಡು ನ್ಯಾಯಾಧೀಶನ ಹಾಗೆ ಪ್ರಶ್ನೆ ಓದುತ್ತಾ ಹೋದ.

"ಅಮ್ಮಾ, ನೀನು ಯಾವತ್ತಾದ್ರೂ ಭಯೋತ್ಪಾದನೆ ಮಾಡಿದ್ದೀಯಾ?"

ಅಡುಗೆಮನೆಯಿಂದ ಲಕ್ಷ್ಮೀದೇವಮ್ಮ "ಏನ್ ಮಾಡಿದ್ದೀನಾ ಅಂತ?" ಎನ್ನುವಷ್ಟರಲ್ಲಿ ಲಿಂಗಣ್ಣ ಬಾಯಿ ಹಾಕಿದರು. "ಅದನ್ನ ಅವಳ್ನ ಯಾಕ್ ಕೇಳ್ತೀಯ? ನಲವತ್ಮೂರು ವರ್ಷದಿಂದ ಜೊತೇಲಿದ್ದೀನಿ, ನನ್ ಕೇಳ್ಲಾ!"

ಮುಗಿಯಿತು ಎನ್ನುವಾಗ ಇನ್ನೊಂದು ಪುಟ, ಆ ಪುಟದಲ್ಲಿ ಇನ್ನಷ್ಟು ಕಾಲಂ. ಲಿಂಗಣ್ಣನಿಗೆ ತಲೆ ಕೆಟ್ಟುಹೋಯಿತು.

"ಅಳಿಯನೂ ಕ್ಯಾಲಮ್ಮು, ಅರ್ಜೀಲೂ ಕಾಲಮ್ಮು! ಇನ್ನೆಷ್ಟು ಕಾಲಮ್ ತುಂಬಿದ್ರೆ ಆ ಕಾಲಮ್ಮನ್ನ ನೋಡಾಕ್ ಬುಡ್ತಾರ್ಲಾ?"

ಆದರೂ ಅರ್ಜಿ ಒಂದು ತಪ್ಪೂ ಇಲ್ಲದೆ ಮುಗಿಯಿತು. ಇನ್ನು ಉಳಿದದ್ದು ಬೆಂಗಳೂರಿಗೆ ಹೋಗಿ ವೀಸಾ ಕೇಂದ್ರದಲ್ಲಿ ಬೆರಳಚ್ಚು ಕೊಡುವುದೊಂದೇ. "ಐದು ನಿಮಿಷದ ಕೆಲಸ," ಎಂದು ಕಾಂತೇಶ ಇಬ್ಬರನ್ನೂ ಕರೆದುಕೊಂಡು ಬೆಳಗಿನ ರೈಲು ಹತ್ತಿದ.

ಲಿಂಗಣ್ಣನ ಹತ್ತೂ ಬೆರಳು ಒಂದೇ ಏಟಿಗೆ ಬಂದವು. ಅವರು ಪರೀಕ್ಷೆ ಪಾಸಾದ ಹುಡುಗನಂತೆ ಎದೆಯುಬ್ಬಿಸಿ ಈಚೆ ಬಂದರು. ಲಕ್ಷ್ಮೀದೇವಮ್ಮ ಬೆರಳಿಟ್ಟರು. ಯಂತ್ರ ಕೆಂಪು ದೀಪ ತೋರಿಸಿತು. ಒರೆಸಿ ಇಟ್ಟರು, ಕೆಂಪು. ಒತ್ತಿ ಇಟ್ಟರು, ಕೆಂಪು. ಕಾಂತೇಶ ಯಂತ್ರವೇ ಕೆಟ್ಟಿದೆ ಎಂದು ವಾದಕ್ಕೆ ನಿಂತ. ಕೌಂಟರಿನ ಹುಡುಗಿ ಎದ್ದು ಬಂದು ಲಕ್ಷ್ಮೀದೇವಮ್ಮನ ಕೈಯನ್ನು ಬೆಳಕಿಗೆ ಹಿಡಿದು ನೋಡಿದಳು.

"ಯಂತ್ರ ಸರಿ ಇದೆ ಸರ್. ಅಮ್ಮನ ಬೆರಳಲ್ಲಿ ಗೆರೆಗಳೇ ಇಲ್ಲ. ಪೂರ್ತಿ ಸವೆದುಹೋಗಿವೆ. ಹತ್ತು ದಿನ ಕೈಗೆ ಯಾವ ಕೆಲಸಾನೂ ಕೊಡಬೇಡಿ, ದಿನಾ ಕ್ರೀಮ್ ಹಚ್ಚಿ, ಆಮೇಲೆ ಕರ್ಕೊಂಡು ಬನ್ನಿ. ಆಗಲೂ ಬರದಿದ್ರೆ ಕಷ್ಟ."

ಲಿಂಗಣ್ಣ ಹೊರಗೆ ಬರುತ್ತಲೇ, "ನಂದು ಹೆಂಗೆ ಬಂತು ನೋಡ್ದೇನೇ?" ಎಂದರು.

"ಬರ್ದೆ ಇನ್ನೇನು? ಇಸ್ಪೀಟ್ ಎಲೆ ಹಿಡಿದ್ರೆ ಗೆರೆ ಸವೀತದಾ?" ಎಂದರು ಲಕ್ಷ್ಮೀದೇವಮ್ಮ.

ವಾಪಸ್ ಬರುವಾಗ ರೈಲು ಗುಬ್ಬಿ ದಾಟಿದ ಮೇಲೆ ಅವರು ಮೆಲ್ಲಗೆ, "ಬೆರಳು ಬರ್ದಿದ್ರೆ ಬೇಡ ಬುಡಪ್ಪ. ಇವ್ರು ಹೋಗ್ಬರ್ಲಿ. ನಾನು ನಿನ್ ಫೋನಲ್ಲೇ ನೋಡ್ಕತೀನಿ," ಎಂದು ಕಿಟಕಿಯ ಕಡೆ ತಿರುಗಿಕೊಂಡರು. ಮಗಳ ಮದುವೆಗೆಂದು ಅಮ್ಮ ಆರಿಸಿಟ್ಟ ಮಾವಿನೆಲೆ ಹಸಿರಿನ ಸೀರೆ ಕಾಂತೇಶನ ಕಣ್ಣಿಗೆ ಕಟ್ಟಿತು. ಸಂಕಟವಾದಾಗ ಶಪಥ ಮಾಡುವುದು ಅವನ ಹುಟ್ಟುಗುಣ.

"ಹತ್ತು ದಿನ ಅಮ್ಮ ಒಂದು ಕಡ್ಡೀನೂ ಎತ್ತಬಾರದು! ಅವಳ ಕೆಲಸವೆಲ್ಲ ನಂದು!" ಎಂದು ಮನೆಗೆ ಬಂದವನೇ ಸಾರಿದ.

"ಅತ್ತೆ ಏನೇನು ಮಾಡ್ತಾರೆ ಅಂತ ಗೊತ್ತೇನ್ರೀ?" ಎಂದು ಕೇಳಿದಳು ಪವಿತ್ರ.

"ಏನಿರುತ್ತೆ? ಹಾಲು ಕರೆಯೋದು, ಪಾತ್ರೆ, ಮುದ್ದೆ, ಒಂಚೂರು ಕೊಬ್ಬರಿ. ಎರಡು ಗಂಟೆ ಕೆಲಸ!"

ಪವಿತ್ರ ನಕ್ಕಳು. ಅವಳು ಹಾಗೆ ನಕ್ಕಾಗಲೆಲ್ಲ ಕಾಂತೇಶನಿಗೆ ಒಳ್ಳೆಯದಾದದ್ದಿಲ್ಲ. ಆದರೂ ಅವಳೇ ಸ್ಕೂಲಿನ ಬ್ಯಾಂಡ್ ಸೆಟ್ಟಿನಿಂದ ಒಂದು ಜೊತೆ ಬಿಳಿ ಕೈಗವಸು ತಂದು ಅತ್ತೆಗೆ ತೊಡಿಸಿದಳು. ಲಕ್ಷ್ಮೀದೇವಮ್ಮ ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು, ಬಿಳಿ ಕೈ ಆಡಿಸುತ್ತಾ "ಆ ಕಡೆ ಅಲ್ಲ ಕಣ್ಲಾ, ಈ ಕಡೆ!" ಎಂದು ಮಗನನ್ನು ನಡೆಸತೊಡಗಿದರು. ಥೇಟ್ ಟ್ರಾಫಿಕ್ ಪೊಲೀಸ್!

ಮೊದಲ ದಿನ ಹಸುವೇ ತಕರಾರು ತೆಗೆಯಿತು. ಕಾಂತೇಶನ ಕೈ ತಗುಲಿದ ಕೂಡಲೇ ಹಾಲು ಮೇಲಕ್ಕೆ ಎಳೆದುಕೊಂಡಿತು. ಲಕ್ಷ್ಮೀದೇವಮ್ಮ ಬಂದು ಅದರ ಕಿವಿಯ ಹತ್ತಿರ ನಿಂತು ಊರಿನ ಸಮಾಚಾರ ಹೇಳತೊಡಗಿದ ಮೇಲೆ ಸೊರ್ರನೆ ಬಿಟ್ಟಿತು. "ನೋಡ್ದಾ, ನನಗೂ ಬರುತ್ತೆ!" ಎಂದು ಕಾಂತೇಶ ಬೀಗುವ ಹೊತ್ತಿಗೆ ಅಮ್ಮನಿಗೆ ಕೆಮ್ಮು ಬಂದು ಮಾತು ನಿಂತಿತು. ಹಸು ಒಂದೇ ಒದೆಗೆ ಬಕೀಟನ್ನೂ ಅವನನ್ನೂ ಒಟ್ಟಿಗೆ ಉರುಳಿಸಿತು.

ಮಧ್ಯಾಹ್ನದ ಮುದ್ದೆಯನ್ನು ಲಿಂಗಣ್ಣ ತಟ್ಟೆಯಲ್ಲಿ ಒಮ್ಮೆ ಉರುಳಿಸಿ ನೋಡಿದರು. "ಇದನ್ನ ಉಣ್ಣಾದೋ, ಗೋಡೆಗೆ ಇಟ್ಟು ಕಟ್ಟಾದೋ?" ಎಂದು ಕೇಳಿದರು. ಕಾಂತೇಶ ಬಿಸಿ ಮುದ್ದೆ ಕಟ್ಟಿ ಸುಟ್ಟುಕೊಂಡ ಅಂಗೈಯನ್ನು ನೀರಿನಲ್ಲಿ ಅದ್ದಿಕೊಂಡು ಕೂತಿದ್ದ.

ಇಷ್ಟರಲ್ಲಿ ಬಿಳಿ ಕೈಗವಸಿನ ಸುದ್ದಿ ಊರಿಗೆಲ್ಲ ಹಬ್ಬಿತು. ಪಕ್ಕದ ಮನೆಯ ಸುನಂದಾ ಬೇವಿನ ಎಣ್ಣೆ ಹಿಡಿದುಕೊಂಡು ಅಳುಮುಖ ಮಾಡಿಕೊಂಡೇ ಬಂದಳು. "ಏನಾಯ್ತಕ್ಕ ಕೈಗೆ? ಯಾವ ಕಾಯಿಲೆ?"

"ಕಾಯಿಲೆ ಏನಿಲ್ಲ ಕಣವ್ವ," ಎಂದರು ಲಕ್ಷ್ಮೀದೇವಮ್ಮ. "ಹೊಲ ಬೀಳು ಬುಡ್ತಾರಲ್ಲ, ಹಂಗೆ ಕೈ ಬೀಳು ಬುಟ್ಟಿದ್ದೀನಿ. ಗೆರೆ ಬೆಳೀಬೇಕಂತೆ!"

ನಾಲ್ಕನೆಯ ದಿನದ ಹೊತ್ತಿಗೆ ಎರಡು ಗಂಟೆಯ ಕೆಲಸ ಹದಿನಾಲ್ಕು ಗಂಟೆಗೆ ಬಂದು ನಿಂತಿತ್ತು. ಜೆರಾಕ್ಸ್ ಅಂಗಡಿಯ ಬಾಗಿಲ ಮೇಲೆ 'ಅನಿವಾರ್ಯ ಕಾರಣದಿಂದ ಮುಚ್ಚಿದೆ' ಎಂಬ ಬೋರ್ಡು ತೂಗುತ್ತಿತ್ತು. ಒಂದು ಬೆಳಗಿನ ಜಾವ ಅಂಗಳದಲ್ಲಿ ಪರಪರ ಸದ್ದಾಗಿ ಕಾಂತೇಶ ಎದ್ದು ನೋಡಿದರೆ, ಲಕ್ಷ್ಮೀದೇವಮ್ಮ ಪೊರಕೆ ಹಿಡಿದು ಗುಡಿಸುತ್ತಿದ್ದಾರೆ!

"ಅಮ್ಮಾ! ಸಿಕ್ಕಿಹಾಕ್ಕೊಂಡೆ!"

"ನಾಲ್ಕ್ ಗರಿ ಬಿದ್ದಿತ್ತು ಕಣಪ್ಪ. ಕೈ ಸುಮ್ನಿರಲ್ಲ, ಏನ್ ಮಾಡ್ಲಿ?" ಎಂದು ಅವರು ಪೊರಕೆಯನ್ನು ಬೆನ್ನ ಹಿಂದೆ ಅಡಗಿಸಿಕೊಂಡರು.

ಅಸಲಿ ಪೆಟ್ಟು ಬಿದ್ದದ್ದು ಕೊಬ್ಬರಿಯಲ್ಲಿ. ವರ್ಷವಿಡೀ ಅಟ್ಟದ ಮೇಲೆ ಒಣಗಿದ ಕಾಯಿಗಳನ್ನು ಇಳಿಸಿ, ಸುಲಿದು, ಚಿಪ್ಪು ಬಿಡಿಸಿ, ಒಳಗಿನ ಉಂಡೆಯನ್ನು ಗಾಯವಾಗದಂತೆ ಹೊರತೆಗೆಯುವ ಕೆಲಸ ಅದು. ಕಾಂತೇಶ ಕತ್ತಿ ಹಿಡಿದು ಯೋಧನಂತೆ ಕೂತ. ಮೊದಲನೆಯದನ್ನು ಹೊಡೆದ, ನೀರು ಮುಖಕ್ಕೇ ಚಿಮ್ಮಿತು. ಕಾಯಿ ಒಣಗಿಯೇ ಇರಲಿಲ್ಲ. ಎರಡನೆಯದೂ ಹಾಗೇ. ಮೂರನೆಯದು ಒಣಗಿತ್ತು, ಆದರೆ ಚಿಪ್ಪಿನ ಜೊತೆ ಕೊಬ್ಬರಿಯೂ ನಾಲ್ಕು ಹೋಳಾಯಿತು. ಸಾಯಂಕಾಲ ಕೊಬ್ಬರಿ ನೋಡಿಹೋಗಲು ಬಂದ ತಿಪಟೂರಿನ ವ್ಯಾಪಾರಿ ದಯಾನಂದ್ ಆ ರಾಶಿಯನ್ನು ದಿಟ್ಟಿಸಿ, "ಏನ್ ಕಾಂತಣ್ಣ, ಚಟ್ನಿಗಾ?" ಎಂದು ಕೇಳಿದ.

ಲಕ್ಷ್ಮೀದೇವಮ್ಮ ಇನ್ನು ತಡೆಯಲಾರದೆ ಕುರ್ಚಿ ಬಿಟ್ಟು ಬಂದು ರಾಶಿಯ ಪಕ್ಕ ಕೂತರು.

"ಒಂದೊಂದೇ ಎತ್ತಿ ನನ್ ಕಿವಿ ಹತ್ರ ಅಲ್ಲಾಡ್ಸು."

ಕಾಂತೇಶ ಅಲ್ಲಾಡಿಸಿದ. ಅಮ್ಮ ಕಣ್ಣು ಮುಚ್ಚಿಕೊಂಡು ಕೇಳಿದರು. "ಆಗೈತೆ, ಒಡಿ. ಇದು ಇನ್ನೊಂದ್ ತಿಂಗ್ಳು ಬೇಕು, ಬುಡು. ಇದು ಒಳಗೆ ಕೆಟ್ಟೈತೆ, ಆ ಕಡೆ ಹಾಕು." ಕಾಂತೇಶನಿಗೆ ಮೂರರ ಸದ್ದೂ ಒಂದೇ! ಅನುಮಾನಪಟ್ಟು 'ಕೆಟ್ಟೈತೆ' ಎಂದದ್ದನ್ನು ಒಡೆದು ನೋಡಿದ, ಒಳಗೆ ಕಪ್ಪಾಗಿತ್ತು. ಇನ್ನೊಂದು ಒಡೆದ, ಅದೂ ಕಪ್ಪು. ಹೀಗೆ ಒಂದು ಕಾಯಿಯೂ ತಪ್ಪದೆ ಇಡೀ ರಾಶಿ ಬೇರೆಯಾಯಿತು. ಮೂವತ್ತಾರು ವರ್ಷ ಈ ಸದ್ದಿನ ಪಕ್ಕದಲ್ಲೇ ಉಂಡು ಮಲಗಿದವನಿಗೆ ಅದರಲ್ಲೊಂದು ವಿದ್ಯೆ ಇದೆಯೆಂದು ಅವತ್ತಿನವರೆಗೆ ಹೊಳೆದಿರಲಿಲ್ಲ. ಒಂದು ಅರ್ಜಿ ತುಂಬಿಕೊಟ್ಟರೆ ಜನ ತನಗೆ ಕೈ ಮುಗಿದು ಹೋಗುತ್ತಾರೆ. ಇವಳಿಗೆ ಯಾರಾದರೂ ಒಂದು ಸಲ ಭೇಷ್ ಅಂದಿದ್ದಾರಾ? ಕತ್ತಿ ಕೆಳಗಿಟ್ಟು ಅಮ್ಮನನ್ನೇ ನೋಡುತ್ತಾ ಕೂತ.

"ಏನ್ಲಾ ಹಂಗ್ ನೋಡ್ತೀಯ? ಕತ್ತಿ ಹಿಂಗಲ್ಲ, ಓರೆ ಹಿಡಿ. ಉಂಡೆ ಮೇಲೆ ಕೋಪ ಮಾಡ್ಕಬೇಡ, ಚಿಪ್ಪನ್ನ ಮಾತ್ರ ಹೊಡಿ."

ಓರೆ ಹಿಡಿದು ಹೊಡೆದ. ಇಪ್ಪತ್ತು ಕಾಯಿ ಹೋಳಾದ ಮೇಲೆ ಒಂದು ದುಂಡನೆಯ ಕೊಬ್ಬರಿ ಇಡಿಯಾಗಿ ಅಂಗೈಗೆ ಬಂತು. ಅದನ್ನು ಎತ್ತಿಕೊಂಡು ಮನೆ ತುಂಬಾ ತೋರಿಸಿಕೊಂಡು ಬಂದ!

ಕ್ರೀಮ್ ಹಚ್ಚುವ ಕೆಲಸ ಲಿಂಗಣ್ಣನ ಪಾಲಿಗೆ ಬಂದಿತ್ತು. ದಿನಾ ಸಂಜೆ ಹೆಂಡತಿಯ ಕೈ ಹಿಡಿದು, ಎತ್ತಿನ ಗಾಡಿಯ ಕೀಲಿಗೆ ಎಣ್ಣೆ ಹಾಕುವವರಂತೆ ತಿಕ್ಕುತ್ತಿದ್ದರು. ಆರನೆಯ ದಿನ ಥಟ್ಟನೆ ನಿಲ್ಲಿಸಿ, "ಇಷ್ಟು ಒರಟೇನೇ ನಿನ್ ಕೈ? ನಂಗೆ ಗೊತ್ತೇ ಇರ್ಲಿಲ್ಲ," ಎಂದರು.

"ಹಿಡ್ಕಂಡು ನೋಡಿದ್ರಲ್ವಾ ಗೊತ್ತಾಗಾದು," ಎಂದರು ಲಕ್ಷ್ಮೀದೇವಮ್ಮ.

ಲಿಂಗಣ್ಣ ಅವತ್ತು ಇಸ್ಪೀಟಿಗೆ ಹೋಗಲಿಲ್ಲ. ಮರುದಿನ ಬೆಳಗ್ಗೆ ಪೊರಕೆ ಹಿಡಿದು ಅಂಗಳಕ್ಕೆ ಇಳಿದವರು ಅವರೇ.

ಹನ್ನೊಂದನೆಯ ದಿನ ಎಲ್ಲರೂ ಮತ್ತೆ ವೀಸಾ ಕೇಂದ್ರದಲ್ಲಿದ್ದರು. ಈ ಸಲ ಪವಿತ್ರಳೂ ಒಂದು ದಿನ ರಜೆ ಹಾಕಿ ಬಂದಿದ್ದಳು. ಲಕ್ಷ್ಮೀದೇವಮ್ಮ ಕೈಗವಸು ಕಳಚಿ ಬೆರಳಿಟ್ಟರು. ಹಸಿರು! ಎರಡು, ಮೂರು, ನಾಲ್ಕು, ಎಲ್ಲ ಹಸಿರು! ಒಂಬತ್ತು ಬೆರಳು ಬಂದವು. ಬಲಗೈ ಹೆಬ್ಬೆರಳು ಮಾತ್ರ ಕೆಂಪು. ಮತ್ತೆ ಇಟ್ಟರು, ಮತ್ತೆ ಕೆಂಪು. ಚಿಪ್ಪಿನಡಿ ಕತ್ತಿ ತೂರಿಸುವಾಗ ಒತ್ತು ಬೀಳುವುದು ಆ ಬೆರಳಿನ ಮೇಲೇ ಎಂದು ಕಾಂತೇಶನಿಗೆ ಈಗ ಗೊತ್ತಿತ್ತು.

ಲಕ್ಷ್ಮೀದೇವಮ್ಮ ಹೆಬ್ಬೆರಳನ್ನು ಸೆರಗಿನಲ್ಲಿ ಒರೆಸಿ, ಬಾಯಿಗೆ ಹಿಡಿದು ಹಾ ಎಂದು ಬಿಸಿಯುಸಿರು ಬಿಟ್ಟು, "ಮಗಳ ಮದ್ವೆ ಕಣಮ್ಮ," ಎಂದು ಯಂತ್ರಕ್ಕೇ ಹೇಳಿ ಮೆಲ್ಲಗೆ ಇಟ್ಟರು.

ಹಸಿರು!

ಕಾಂತೇಶ ಕೂಗಿದ ಕೂಗಿಗೆ ಸೆಕ್ಯುರಿಟಿಯವನು ಓಡಿಬಂದ. ಕೌಂಟರಿನ ಹುಡುಗಿಯೇ "ಏನಿಲ್ಲ, ಅವರಮ್ಮ ಪಾಸಾದರು" ಎಂದು ಸಮಾಧಾನ ಹೇಳಿ ಕಳಿಸಿದಳು.

ಮೂರನೆಯ ವಾರ ಪಾಸ್‌ಪೋರ್ಟುಗಳು ವಾಪಸ್ ಬಂದವು. ಕಾಂತೇಶ ನಡುಮನೆಯಲ್ಲಿ ನಿಂತು ಓದಿದ. "ಇಬ್ಬರಿಗೂ ಸಿಕ್ಕಿದೆ! ಆರು ತಿಂಗಳ ವೀಸಾ!"

"ಹಂಗಂದ್ರೆ ಆರ್ ತಿಂಗ್ಳೂ ಇರ್ಬೋದಾ?" ಎಂದು ಕೇಳಿದರು ಲಕ್ಷ್ಮೀದೇವಮ್ಮ.

"ಇರಬಹುದು ಅಂತ ಅಷ್ಟೇ. ನಾವು ಅಂದ್ಕೊಂಡಿರೋದು ಹದಿನೈದು ದಿನ ಅಲ್ವೇನಮ್ಮ?"

"ಅದು ನಿಂಗೇನೂ ಬರ್ದೇ ಇದ್ದಾಗ ಅಂದ್ಕಂಡಿದ್ದು ಕಣಪ್ಪ. ಈಗ ಹಾಲ್ ಕರೀತೀಯ, ಮುದ್ದೆ ಕಟ್ತೀಯ, ಉಂಡೆ ಕೊಬ್ಬರೀನೂ ಬುಡುಸ್ತೀಯ. ನಾನ್ಯಾಕ್ ಬಿದ್ದೂ ಎದ್ದೂ ಓಡ್ಬರ್ಲಿ?"

ಕಾಂತೇಶ ಸಹಾಯಕ್ಕಾಗಿ ಹೆಂಡತಿಯ ಕಡೆ ನೋಡಿದ. "ಅತ್ತೆ ಹೇಳೋದು ಸರಿಯಾಗೇ ಇದೆ ಕಣ್ರೀ," ಎಂದಳು ಪವಿತ್ರ. ಅಪ್ಪನ ಕಡೆ ನೋಡಿದ. ಲಿಂಗಣ್ಣ ಅದಾಗಲೇ ಸ್ವೆಟರ್ ಹುಡುಕುತ್ತಿದ್ದರು.

ಮಗನ ಮುಖ ಬಾಡಿದ್ದು ಕಂಡು ಲಕ್ಷ್ಮೀದೇವಮ್ಮ ಹತ್ತಿರ ಬಂದು ತಲೆ ಸವರಿದರು.

"ಆಯ್ತು ಬುಡು, ಅಳ್ಬೇಡ. ಪೂರಾ ಆರ್ ತಿಂಗ್ಳು ಇರಾಕಿಲ್ಲ. ಐದೂವರೆಗೆಲ್ಲ ಬಂದ್ಬುಡ್ತೀನಿ!"