ಮೊರದಲ್ಲಿ ಕೂತ ಕಿನಾಂತಿ

ಕಿನಾಂತಿಗೆ ಮತ್ತೆ ಜ್ವರ ಬಂತು. ಬೇರೆ ದಿನವೇ ಸಿಗಲಿಲ್ಲವೆಂಬಂತೆ, ಸೋಲೋ ಪಟ್ಟಣದಿಂದ ಅಜ್ಜಿ ಬರುವ ದಿನವೇ ಬಂತು.

ಅಜ್ಜಿ ಎಂದರೆ ಕಿನಾಂತಿಯ ತಾಯಿ ಪಾರ್ತಿನಿಯ ಮಾಜಿ ಅತ್ತೆ; ಹರ್ಸೋನೋ ಅಮ್ಮ, ಅಲ್ಲಿಯವರ ಬಾಯಲ್ಲಿ ಬು ಹರ್ಸೋನೋ. ಮಗ ಸಂಸಾರ ಬಿಟ್ಟು ಓಡಿಹೋದರೂ ಮೊಮ್ಮಗಳನ್ನು ಬಿಡಲು ಈಕೆ ತಯಾರಿರಲಿಲ್ಲ. "ಆ ಹುಚ್ಚಿ ಕೈಲಿ ಮಗು ಉಳಿಯಲ್ಲ" ಎಂದು ಕೇರಿಯ ಮುಖಂಡ ಪಾಕ್ ಜುಮೆನೋ ಮನೆಯಲ್ಲಿ ಅಂದೇ ಮಧ್ಯಾಹ್ನಕ್ಕೆ ಪಂಚಾಯಿತಿ ಗೊತ್ತುಮಾಡಿಸಿದ್ದಳು. ಪಾರ್ತಿನಿ ಹುಚ್ಚಿಯೇನಲ್ಲ. ಕಷಾಯ ಮಾರಲು ಹೊರಟಾಗ ಸೈಕಲ್ಲಿನ ಬುಟ್ಟಿಯಲ್ಲಿ ಹುಂಜವನ್ನು ಕೂರಿಸಿಕೊಳ್ಳುತ್ತಿದ್ದಳು, ಸುಡುಬಿಸಿಲಲ್ಲೂ ಮಳೆಕೋಟು ತೊಡುತ್ತಿದ್ದಳು, ಕಾಯಿ ಬಿಡದ ಪಪ್ಪಾಯಿ ಮರಕ್ಕೆ ದಿನಾ ಬೈಯುತ್ತಿದ್ದಳು, ಅಷ್ಟೆ. ಆದರೆ ಜ್ವರದ ಮಗುವನ್ನು ಕಂಡರೆ ಪಂಚರು ಅಷ್ಟನ್ನೇ ಬೆಟ್ಟ ಮಾಡುತ್ತಾರೆ. ಮಗು ಹೋದರೆ ಆ ಮನೆಯಲ್ಲಿ "ಅಮ್ಮಾ" ಎನ್ನುವವರು ಯಾರು? ಹುಂಜವಂತೂ ಅನ್ನುವುದಿಲ್ಲ.

"ಮಗೂಗೆ ಹೆಸರು ಭಾರ ಆಗಿದೆ ಕಣೇ, ಹೊರೋಕಾಗದೆ ಕಾಯಿಲೆ ಬೀಳ್ತಿದೆ," ಎಂದಳು ಪಕ್ಕದ ಮನೆಯ ಬು ಸಾದಿಯೆಮ್, ಬೇಲಿಯ ಮೇಲಿಂದ. "ಮಗೂನ ಎಸೆದುಬಿಡು. ಮೊರದಲ್ಲಿ ಕೂರಿಸಿ ತಿಪ್ಪೆ ಹತ್ರ ಇಟ್ಟು ಬಾ. ನಾನು ಪೊರಕೆ ಹಿಡ್ಕೊಂಡು ಬಂದು ಎತ್ಕೋತೀನಿ. ಎತ್ಕೊಂಡೋಳೇ ತಾಯಿ. ಕಾಯಿಲೆಗೆ ದಾರಿ ತಪ್ಪುತ್ತೆ. ಆಮೇಲೆ ಸಾಕ್ಕೋ ಅಂತ ನಿಂಗೇ ಕೊಡ್ತೀನಿ. ನಮ್ಮತ್ತೆ ನನ್ನ ಗಂಡನ್ನೂ ಹೀಗೇ ಎಸೆದಿದ್ರು."

"ಮತ್ತೆ ಯಾಕೆ ಎತ್ಕೊಂಡ್ರಂತೆ?"

"ತಮಾಷೆ ಸಾಕು. ಇಟ್ಟು ಬರೋವಾಗ ಹಿಂದೆ ತಿರುಗಬೇಡ. ತಿರುಗಿದ್ರೆ ಜ್ವರ ನಿನ್ನ ಹಿಂದೇನೇ ಮನೆಗೆ ಬರುತ್ತೆ."

ಐದು ವರ್ಷದ ಹುಡುಗಿ ಮೊರದಲ್ಲಿ ಹಿಡಿಸಬೇಕಲ್ಲ! ಕಾಲು ಹೊರಗೆ ಚಾಚಿ, ಕೈಯಲ್ಲಿ ಬೆಲ್ಲದ ಕಡುಬು ಹಿಡಿದು ಕೂತಳು. ನೆರೆಹೊರೆಯವರೆಲ್ಲ ಸುತ್ತ ನಿಂತು, ಮುಖ ಪೂರ್ವಕ್ಕಿರಲಿ, ದಕ್ಷಿಣಕ್ಕಿರಲಿ ಎಂದು ಜಗಳವಾಡಿದರು.

"ಅಮ್ಮಾ, ನಾನು ಕಸಾನಾ?"

"ಸ್ವಲ್ಪ ಹೊತ್ತು ಮಾತ್ರ, ಬಂಗಾರ," ಎಂದು ಪಾರ್ತಿನಿ ಬೆನ್ನು ಹಾಕಿ ನಡೆದಳು. ಹತ್ತು ಹೆಜ್ಜೆ ಆಚೆ, ತಿರುಗದೆ, ಸಾದಿಯೆಮ್ ದನಿಗೆ ಕಾದು ನಿಂತಳು.

ಸಾದಿಯೆಮ್ ಮಾತ್ರ ಪತ್ತೆಯಿಲ್ಲ. ಪೊರಕೆ ಹಿಡಿದು ಹೊರಟವಳು ನಡುದಾರಿಯಲ್ಲಿ, ನಿನ್ನೆಯ ತೋಫು ಹುಳಿಯಾಗಿತ್ತೆಂದು ಗಾಡಿಯವನನ್ನು ಹಿಡಿದು ನಿಲ್ಲಿಸಿಕೊಂಡಿದ್ದಳು. ಅಷ್ಟರಲ್ಲಿ ಕಸದ ಗಾಡಿಯ ಗಿಯೋ ಬಂದ. "ಮೊರ ಚೆನ್ನಾಗಿದೆ, ತಗೊಳ್ಳಲಾ?"

"ಮುಟ್ಟಬೇಡ್ವೋ! ಮುಟ್ಟಿದ್ರೆ ನೀನೇ ತಾಯಿ ಆಗ್ಬಿಡ್ತೀಯ!" ಎಂದು ಸುತ್ತ ನಿಂತವರು ಕೂಗಿದರು.

ಗಿಯೋ ಗಾಡಿಯನ್ನೂ ಬಿಟ್ಟು ಓಟ ಕಿತ್ತ.

ಆಗ ಸೈಕಲ್ ರಿಕ್ಷಾದ ಗಂಟೆ ಕೇಳಿತು. ಜನ ಸರಿದು ದಾರಿ ಬಿಟ್ಟರು. ಪಾರ್ತಿನಿಯ ಬೆನ್ನ ಹಿಂದೆ, ಅವಳು ನಿದ್ದೆಯಲ್ಲೂ ಗುರುತಿಸಬಲ್ಲ ದನಿಯೊಂದು ಸ್ಪಷ್ಟವಾಗಿ, ಶಾಸ್ತ್ರೋಕ್ತವಾಗಿ ನುಡಿಯಿತು:

"ಅಯ್ಯೋ, ಯಾರು ಎಸೆದ ಮಗುವಿದು? ಇನ್ನು ಮೇಲೆ ಇದು ನಂದು."

ಬು ಹರ್ಸೋನೋ ಹಳೇ ಕಾಲದವಳು. ಪದ್ಧತಿಯನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಪಾರ್ತಿನಿಯ ಕತ್ತು ತಿರುಗಲು ತುಡಿಯಿತು. ತಿರುಗಿದರೆ ಜ್ವರ. ಅವಳು ಅಳುತ್ತಾ ನೇರ ಮನೆಗೆ ನಡೆದಳು.

ಮಧ್ಯಾಹ್ನ ಪಂಚಾಯಿತಿ ಸೇರುವ ಹೊತ್ತಿಗೆ ಮಗುವಿನ ಜ್ವರ ಪೂರ್ತಿ ಇಳಿದಿತ್ತು. ಇನ್ನು ಶಾಸ್ತ್ರ ಸುಳ್ಳೆನ್ನುವ ಧೈರ್ಯ ಯಾರಿಗಿದೆ?

"ಕೋರ್ಟಿಗೆ ಹೋದ್ರೆ ನೀನೇ ಗೆಲ್ತೀಯ ತಾಯಿ," ಎಂದರು ಪಾಕ್ ಜುಮೆನೋ. "ಆದ್ರೆ ಕೇರಿಯೆಲ್ಲ ನೋಡ್ತಿರುವಾಗ ಎಸೆದೋಳೂ ನೀನೇ."

"ಸಾಕೋಕೆ ಇವಳಿಗೇ ಕೊಡ್ತೀನಿ," ಎಂದಳು ಬು ಹರ್ಸೋನೋ. "ಪದ್ಧತಿ ಬಿಡೋಕಾಗುತ್ತಾ?"

ಪಾರ್ತಿನಿ ಅವಳ ಕೈ ಹಿಡಿದು ಹಣೆಗೊತ್ತಿಕೊಂಡಳು.

"ಆದ್ರೆ ನನ್ನ ಮಗೂನ ಬಿಟ್ಟು ನಾನೆಲ್ಲಿಗೆ ಹೋಗ್ಲಿ?" ಎಂದಳು ಅಜ್ಜಿ. "ಇಲ್ಲೇ ಇರ್ತೀನಿ. ಇನ್ನು ನಾನೇ ಅಮ್ಮ. ನಿನ್ನನ್ನ ಚಿಕ್ಕಮ್ಮ ಅಂತಾಳೆ. ಕಾಯಿಲೆಗೆ ಗೊತ್ತಾಗಬಾರದಲ್ಲ."

ರಿಕ್ಷಾದಿಂದ ಟ್ರಂಕು ಇಳಿಯಿತು. ಸಾದಿಯೆಮ್ ಪೊರಕೆ ಬದಿಗಿಟ್ಟು ಅದನ್ನು ಹೊರಲು ಕೈಜೋಡಿಸಿದಳು.

ಸಂಜೆ ಅಜ್ಜಿಯ ಮಡಿಲಿಂದ ದನಿ ಬಂತು. "ಚಿಕ್ಕಮ್ಮಾ, ನೀರು!"

ಪಾರ್ತಿನಿ ನೀರು ಕುಡಿಸಿ ಹಣೆ ಮುಟ್ಟಿ ನೋಡಿದಳು. ತಣ್ಣಗಿತ್ತು. ಒಂದು ಚೂರು ಬಿಸಿಯಿದ್ದಿದ್ದರೆ ಶಾಸ್ತ್ರ ಸುಳ್ಳಾಗಿ ತಾನು ಮತ್ತೆ ಅಮ್ಮನಾಗುತ್ತಿದ್ದೆನಲ್ಲ ಎಂದುಕೊಂಡವಳು, ತನ್ನ ಯೋಚನೆಗೆ ತಾನೇ ಬೆಚ್ಚಿ, ಕೇಡು ಕಳೆಯಲು ಊರವರು ಹೇಳುವ ಹಾಗೆ "ಅಮಿತ್, ಅಮಿತ್, ಹಾಗಾಗದಿರಲಿ" ಎನ್ನುತ್ತಾ ಬಾಗಿಲ ಮರವನ್ನು ಕುಟ್ಟಿದಳು.

ಆಮೇಲೆ ಹಿತ್ತಲಿಗೆ ಹೋಗಿ ಹುಂಜದ ಪಕ್ಕ ಕೂತು, ಯಾರಿಗೂ ಕೇಳಿಸದಂತೆ ಪಿಸುಗುಟ್ಟಿದಳು:

"ಒಂದೇ ಒಂದ್ಸಲ ಅಮ್ಮಾ ಅನ್ನೋ."